ನೆಲ ಮರೆತವಳು

ಹನ್ನೆರಡು ವರ್ಷ ಯಾರು ತುಳಿದರೋ ನೆಲ ಅವರದಾಗುತ್ತಿತ್ತು. ಆಮೇಲೆ ಹಳೆಯ ಒಡೆಯರು ಕಾಲಿಟ್ಟರೆ ಮಣ್ಣು ಅವರ ಅಂಗಾಲು ಸುಡುತ್ತಿತ್ತು. ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಗಳು ಕಸ್ತೂರಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿದ ಮೇಲೆ ನೀಲಗಂಗವ್ವ ಅತ್ತ ಹೋಗಿರಲಿಲ್ಲ. ಆ ಜಾಗ ನೋಡುವ ಧೈರ್ಯ ಅವಳಿಗಿರಲಿಲ್ಲ. ಪಕ್ಕದ ಮನೆಯ ಹುಸೇನಬಿಯೇ ದಿನಾಲೂ ಬಂದು ಸಮಾಧಿಯ ಮೇಲಿನ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದಳು.

ಇವತ್ತು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋದ ನೀಲಗಂಗವ್ವ ಒಂದು ಹೆಜ್ಜೆ ಇಟ್ಟವಳೇ ಕಾಲು ಹಿಂದಕ್ಕೆ ಎಳೆದುಕೊಂಡಳು. ಅಂಗಾಲು ಕೆಂಪಾಗಿತ್ತು.

ಕೊಡ ಹಿಡಿದು ಬಂದ ಹುಸೇನಬಿ ಅದನ್ನು ನೋಡಿ ಅಳತೊಡಗಿದಳು.

"ನಾ ವರ್ಷಾ ಎಣಿಸಲೇ ಇಲ್ಲ ಅಕ್ಕಾ. ನಾಳಿಂದ ಬರೂದಿಲ್ಲ. ಒಂದ ವರ್ಷ ಯಾರೂ ಕಾಲಿಡದಿದ್ರ ನೆಲ ಎಲ್ಲಾ ಮರೀತೈತಿ. ಆಮ್ಯಾಲ ನೀವು ಹೋಗಬಹುದು."

"ಅಲ್ಲೀತನಕಾ ಗಿಡಕ್ಕ ನೀರು?"

ಹುಸೇನಬಿ ತುಂಬಿದ ಕೊಡವನ್ನು ಕೆಳಗಿಟ್ಟಳು.

ನೀಲಗಂಗವ್ವ ದೂರದಿಂದಲೇ ಸಮಾಧಿಯನ್ನು ಬಹಳ ಹೊತ್ತು ನೋಡಿದಳು. ಮಲ್ಲಿಗೆ ಮೊಗ್ಗು ಬಿಟ್ಟಿತ್ತು.

"ನೀನ ಬರ್ತಾ ಇರವ್ವಾ," ಎಂದಳು. "ಅಕಿಗೂ ನಿನ್ನ ಹೆಜ್ಜಿ ಸಪ್ಪಳಾನ ರೂಢಿ ಆಗೇತಿ."