ಅಳಿಯುವ ಶಾಯಿ

"ಇವತ್ತೂ ಹಚ್ಚಬೇಕೇನ್ರೀ ಸರ್?" ಎಂದು ಮೇಕಪ್ ಮಾಡುವ ಫರ್ಜಾನಾ ಕಾಡಿಗೆ ಡಬ್ಬಿ ತೆರೆದಳು.

"ಹಚ್ಚಮ್ಮ, ನೇರ ಪ್ರಸಾರ ಇದೆ," ಎಂದು ಎಡಗೈ ಚಾಚಿದೆ.

ಮತದಾನದ ಶಾಯಿ ಸೋಪಿಗೆ ಹೋಗುವುದಿಲ್ಲ. ಫಲಿತಾಂಶವನ್ನು ಮನಸಾರೆ ನಂಬಿದ ದಿನ ತಾನಾಗಿಯೇ ಅಳಿಯುತ್ತದೆ. ಎಂಟನೇ ವಾರ್ಡಿನಲ್ಲಿ ಮೋಸ ನಡೆದಿದೆ ಎಂದು ಹದಿನೇಳು ದಿನಗಳಿಂದ ನಾನು ಟಿವಿಯಲ್ಲಿ ಕೂಗುತ್ತಿದ್ದೇನೆ. ಕೇಳಿದ ಅರ್ಧ ಊರಿನ ಬೆರಳು ಇನ್ನೂ ಕಪ್ಪಗಿದೆ. ನನ್ನದು ಮಾತ್ರ ಎಣಿಕೆ ಮುಗಿದ ಸಂಜೆಯೇ ಬೆಳ್ಳಗಾಗಿತ್ತು. ನನ್ನ ಮಾತಿಗೆ ನಾನೇ ಬೆಲೆ ಕೊಡುವುದಿಲ್ಲ ಎಂದು ಹೆಂಡತಿಗೆ ಮೊದಲೇ ಗೊತ್ತಿತ್ತು.

ಇವತ್ತಿನ ಅತಿಥಿ ನೀಲವ್ವ ಟೀಚರ್. ಆ ವಾರ್ಡಿನಲ್ಲಿ ನಾನೂ ಮತ ಹಾಕಿದ ಮತಗಟ್ಟೆಯಲ್ಲಿ ಶಾಯಿ ಹಚ್ಚಲು ಕೂತಿದ್ದವರು, ನನ್ನ ಕೂಗಿನಿಂದ ಈಗ ಅಮಾನತಿನಲ್ಲಿರುವವರು.

"ನೀವೂ ಮೋಸದಲ್ಲಿ ಸೇರಿದ್ದಿರಿ ಅಂತಾರಲ್ಲ ಟೀಚರ್?" ಎಂದೆ.

"ಯಾರಂತಾರ್ರೀ? ನೀವೊಬ್ರ ಅನ್ನೋದು ಕೇಳೀನಿ. ಸಾಲಿ ಬಾಗಲಾ ದಾಟೋ ಹಂಗಿಲ್ಲ ನಾನು." ಅವರು ನನ್ನ ಕೈ ಹಿಡಿದು ನೋಡಿದರು. "ಅವತ್ತು ನಿಮಗ ಉಗುರಿಂದ ಗೆಣ್ಣಿನ ತನಕಾ ಗೆರಿ ಎಳದಿದ್ದೆ. ಇದೇನ್ರೀ, ಕೂಸಿಗೆ ದೃಷ್ಟಿಬೊಟ್ಟು ಇಟ್ಟಂಗ ದುಂಡಗೈತಿ?"

"ಬೆವರಿಗೆ ಹರಡಿರಬೇಕು ಟೀಚರ್."

"ಹೌದಾ? ತಡೀರಿ, ನೋಡೋಣು."

ಅವರು ನನ್ನ ಮುಂದಿದ್ದ ಲೋಟದ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಬೆರಳನ್ನು ಒಮ್ಮೆ ಒರೆಸಿದರು. ಕ್ಯಾಮೆರಾ ನಿಲ್ಲಿಸಿ ಎಂದು ನಾನು ಗಾಬರಿಯಿಂದ ಕೈಯೆತ್ತಿದೆ. ಎತ್ತಿದ್ದು ಎಡಗೈಯನ್ನೇ.