ಕೋಟೆಗೆ ಹೊರಟ ಕಾರು

ಕಾರು ಗುರ್ ಎಂದು ಶುರುವಾಯಿತು, ಅಷ್ಟರಲ್ಲೇ ಸುಮ್ಮನಾಯಿತು. ಭಾಗ್ಯ ಮತ್ತೆ ಕೀ ತಿರುಗಿಸಿದಳು. ಮತ್ತೆ ಅದೇ ಕಥೆ. ಸ್ಟೇರಿಂಗ್ ಮುಂದೆ ಬೀಗದ ಚಿತ್ರವಿದ್ದ ಕೆಂಪು ದೀಪವೊಂದು ಮಾತ್ರ ಬಿಡದೆ ಮಿಣುಕುತ್ತಿತ್ತು. ಡ್ರೈವಿಂಗ್ ಕಲಿಸಿದ ಪುಣ್ಯಾತ್ಮ ಕ್ಲಚ್ಚು, ಬ್ರೇಕು, ರಿವರ್ಸು ಎಲ್ಲ ಹೇಳಿಕೊಟ್ಟಿದ್ದ, ಈ ದೀಪದ ಸುದ್ದಿಯನ್ನೇ ಎತ್ತಿರಲಿಲ್ಲ.

ಹತ್ತು ಗಂಟೆಯೊಳಗೆ ಅವಳು ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹಾಜರಾಗಬೇಕಿತ್ತು. ಇವತ್ತು ಬರದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಮೊದಲೇ ಹೇಳಿದ್ದರು. ಮನೆ ಮುಂದೆ ಕಾರಿದೆಯಲ್ಲ ಎಂಬ ಧೈರ್ಯದಲ್ಲಿ ತಮ್ಮೂರು ಕಟ್ಟೆಮಳಲವಾಡಿಯ ಬೆಳಗಿನ ಬಸ್ಸನ್ನು ಬಿಟ್ಟು ಕೂತಿದ್ದಳು. ಗಂಡ ಮಹೇಶ್‌ಕುಮಾರ್ ಲಾರಿ ತೆಗೆದುಕೊಂಡು ಕೇರಳಕ್ಕೆ ಹೋದವನು ಘಾಟಿಯಲ್ಲೆಲ್ಲೋ ಇದ್ದ, ಫೋನು ಸಿಗುತ್ತಿರಲಿಲ್ಲ. ಜಗಲಿಯ ಮೇಲೆ ಅತ್ತೆ ಕೆಂಪಾಜಮ್ಮ ಕೂತು ಒಂದೇ ಸಮ ನೋಡುತ್ತಿದ್ದರು.

ಸೊಸೆ ಕಾರು ಓಡಿಸಿಕೊಂಡು ಕೋಟೆ ರಸ್ತೆಗೆ ಇಳಿಯುವುದು ಕೆಂಪಾಜಮ್ಮನಿಗೆ ಸುತಾರಾಂ ಇಷ್ಟವಿರಲಿಲ್ಲ. ಆನೆ ಅಡ್ಡ ಬಂದರೆ ಏನು ಮಾಡುತ್ತೀಯ, ಟಿಪ್ಪರ್‌ನವನು ಗುದ್ದಿದರೆ ಯಾರು ದಿಕ್ಕು ಎಂದು ದಿನಾ ತಲೆ ತಿಂದಿದ್ದರು. ನೀನು ಓಡಿಸುವ ಕಾರಿಗೆ ನಾನಂತೂ ಕಾಲಿಡುವುದಿಲ್ಲ ಎಂದೂ ಅಂದುಬಿಟ್ಟಿದ್ದರು. ನಿನ್ನೆ ಸಾಯಂಕಾಲ ಅದೇನಾಯಿತೋ, ಮಾದಪ್ಪನ ಗುಡಿಗೆ ಹೋಗಿಬಂದವರೇ ಮಾತು ನಿಲ್ಲಿಸಿದರು. ಪೂಜಾರಿ ಮಂತ್ರಿಸಿ ಕೊಟ್ಟ ತಾಯತವನ್ನು ಕಾರಿನ ಕೀಯ ಕರಿ ತಲೆಗೆ ಸುತ್ತಿ, ಮೇಲೊಂದು ಹಳದಿ ಬಟ್ಟೆ ಬಿಗಿದು ಕಟ್ಟಿ ಸೊಸೆಯ ಕೈಗೆ ಕೊಟ್ಟರು. ಬೆಳಿಗ್ಗೆ ಭಾಗ್ಯ ಅದನ್ನು ಕಣ್ಣಿಗೊತ್ತಿಕೊಂಡೇ ಕಾರು ಹತ್ತಿದ್ದಳು.

ಹುಣಸೂರಿನ ಮೆಕ್ಯಾನಿಕ್ ಶಿವನಂಜಪ್ಪ ಫೋನಿನಲ್ಲಿ ಸಿಕ್ಕಿದ. ಎರಡೂ ಕೈ ಬೇಕೆಂದು ಭಾಗ್ಯ ಸ್ಪೀಕರ್ ಹಾಕಿಕೊಂಡಳು. ಪೆಟ್ರೋಲ್ ನೋಡಿ ಅಂದ, ಇತ್ತು. ಬ್ಯಾಟರಿ ವಯರ್ ಅಲ್ಲಾಡಿಸಿ ನೋಡಿ ಅಂದ, ಗಟ್ಟಿಯಾಗಿತ್ತು. ಕೆಂಪು ದೀಪದ ವಿಷಯ ಹೇಳಿದ ಮೇಲೆ ಅವನ ದನಿ ಬದಲಾಯಿತು. ಕೀ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದಂತೆ, ಕಾರು ಅದನ್ನು ಗುರುತು ಹಿಡಿದರೆ ಮಾತ್ರ ಓಡುತ್ತದಂತೆ.

"ಗುರ್ತು ಹತ್ತಿಲ್ಲ ಕಣಕ್ಕ. ಗಾಡಿ ನಿಮ್ಮನ್ನ ಕಳ್ರು ಅನ್ಕಂಡದೆ," ಅಂದ.

ಭಾಗ್ಯಳಿಗೆ ಮೈ ಉರಿದುಹೋಯಿತು. ನಿನ್ನೆಯವರೆಗೂ ಗುರುತಿದ್ದ ಕೀ ಇವತ್ತು ಹೇಗೆ ಮರೆತುಹೋಯಿತು? ಬೀಗ ಹಾಕಿ ತೆಗೆದಳು, ಬಾನೆಟ್ ಎತ್ತಿ ಇಳಿಸಿದಳು. ಏನೂ ಅರ್ಥವಾಗಲಿಲ್ಲ. ಅತ್ತೆ ನಿನ್ನೆ ಇದ್ದಕ್ಕಿದ್ದ ಹಾಗೆ ಸುಮ್ಮನಾದದ್ದು ನೆನಪಾಗಿ ಮನಸ್ಸಿಗೆ ಏನೋ ಚುಚ್ಚಿತು. ತಡೆಯಲಾರದೆ ಕೇಳಿಯೇಬಿಟ್ಟಳು.

"ಅತ್ತೆ, ನಾನು ಹೋಗ್ಬಾರ್ದು ಅಂತ ನೀವೇನಾದ್ರೂ ಮಾಡಿದ್ರಾ?"

"ಅದ್ರ ಬಾಗ್ಲು ತಗ್ಯಕ್ಕೂ ಬರಾಕಿಲ್ಲ ನಂಗೆ, ನಾನೇನ್ ಮಾಡ್ಲವ್ವ," ಅಂದರು ಕೆಂಪಾಜಮ್ಮ. ಅವರ ಮುಖ ಬಾಡಿತು. ಕೇಳಬಾರದಿತ್ತು ಅನ್ನಿಸಿ ಭಾಗ್ಯಳಿಗೆ ಅಳುವೇ ಬಂತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಶಿವನಂಜಪ್ಪ ಇನ್ನೊಂದು ದಾರಿ ಹೇಳಿದ. ಕೀ ಹತ್ತಿರ ಲೋಹ ಇದ್ದರೆ ಕೆಲವು ಸಲ ಹೀಗಾಗುತ್ತದೆ, ಇರೋಬರೋದನ್ನೆಲ್ಲ ತೆಗೆಯಿರಿ ಅಂದ. ಭಾಗ್ಯ ಬೀರುವಿನ ಕೀ ತೆಗೆದಳು, ಪಂಪ್‌ಸೆಟ್ ಮನೆಯ ಕೀ ತೆಗೆದಳು, ಸ್ಟೀಲ್ ರಿಂಗನ್ನೂ ಬಿಚ್ಚಿದಳು. ಸಾಲದೆಂದು ವಾಚು, ಸೆರಗಿನ ಪಿನ್ನು ಕೂಡ ತೆಗೆದು ಜಗಲಿಯ ಮೇಲಿಟ್ಟಳು. ಕಾಲುಂಗುರಕ್ಕೆ ಮಾತ್ರ ಕೈ ಹಾಕಬೇಡ ಎಂದು ಕೆಂಪಾಜಮ್ಮ ಗದರಿದರು. ಕೀ ತಿರುಗಿಸಿದರೆ ಮತ್ತೆ ಗುರ್, ಮತ್ತೆ ಸುಮ್ಮನೆ.

"ಇನ್ನೇನೂ ಇಲ್ವಾ ಅಕ್ಕ ಕೀ ಮೇಲೆ?"

"ಏನೂ ಇಲ್ಲ. ತಾಯತ ಒಂದಿದೆ, ಅಷ್ಟೇ."

ಶಿವನಂಜಪ್ಪ ಮೆಲ್ಲಗೆ, "ಯಾತ್ರಲ್ಲಿ ಮಾಡಿದ್ದು ತಾಯ್ತ?" ಅಂದ.

ಉತ್ತರ ಜಗಲಿಯಿಂದ ಬಂತು. "ತಾಮ್ರದ ತಗಡು ಕಣಪ್ಪ. ಆದ್ರೆ ಅದು ಮಾದಪ್ಪಂದಲ್ವಾ?"

ಭಾಗ್ಯ ಕೀಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಬಿಚ್ಚಲು ಅವಳಿಗೂ ಧೈರ್ಯ ಬರಲಿಲ್ಲ. ಬಿಚ್ಚದಿದ್ದರೆ ಕೆಲಸ ಹೋಯಿತು. ಬಿಚ್ಚಿ ದಾರಿಯಲ್ಲಿ ಏನಾದರೂ ಆದರೆ ಈ ಮುದುಕಿ ಬದುಕುವುದಿಲ್ಲ. ಕೆಂಪಾಜಮ್ಮ ತಾವೇ ಎದ್ದು ಬಂದು ಕೀ ಇಸಿದುಕೊಂಡರು. ಗಂಟು ಬಿಚ್ಚಿ, ಬಟ್ಟೆ ತೆಗೆದು, ತಗಡನ್ನು ಸುರುಳಿ ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು.

ಭಾಗ್ಯ ಕೀ ತಿರುಗಿಸಿದಳು. ದೀಪ ಆರಿತು. ಕಾರು ಶುರುವಾಯಿತು, ನಿಲ್ಲಲಿಲ್ಲ.

ಕೆಂಪಾಜಮ್ಮ ತಗಡನ್ನೇ ನೋಡುತ್ತಾ ನಿಂತರು. ಇನ್ನು ಹೋಗಬೇಡ ಅನ್ನುತ್ತಾರೆ ಎಂದುಕೊಂಡಳು ಭಾಗ್ಯ. ಅವರು ಫೋನಿನ ಕಡೆ ಬಗ್ಗಿ, "ಬೀಗದ ಕೈಗೆ ದೂರ್ವಾಗಿದ್ರೆ ಆಯ್ತದಲ್ವೇನಪ್ಪ?" ಅಂದರು. ಆಯ್ತದೆ ಕಣಮ್ಮ ಅಂದ ಶಿವನಂಜಪ್ಪ. ಅವರು ಮನೆಗೆ ಬೀಗ ಹಾಕಿದರು. ಬಂದು ಕಾರಿನ ಹಿಂದಿನ ಬಾಗಿಲನ್ನು ಎಳೆದಾಡುತ್ತಿದ್ದಾಗ ಸೊಸೆಯೇ ಇಳಿದು ತೆಗೆಯಬೇಕಾಯಿತು.

"ಸಾಯಂಕಾಲದ ತನಕ ಅಲ್ಲೇನು ಮಾಡ್ತೀರಿ ಅತ್ತೆ?"

"ಕುಂತಿರ್ತೀನಿ. ಬರೋವಾಗ್ಲೂ ಅದೇ ರಸ್ತೆ ತಾನೆ? ನಡಿ, ಹೊತ್ತಾಯ್ತದೆ."

ಕಾರು ಊರು ದಾಟಿ ಕೋಟೆಯ ದಾರಿ ಹಿಡಿಯಿತು. ಹೊಗೆಸೊಪ್ಪಿನ ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ಹಿಂದಿನ ಕಿಟಕಿಯಿಂದ ಒಂದು ಮುದಿ ಮುಷ್ಟಿ ಹೊರಗೆ ಚಾಚಿಕೊಂಡಿತ್ತು, ತಾಯತ ಕೀಯಿಂದ ಆದಷ್ಟು ದೂರವಿರಲಿ ಎಂದು.