ಕ್ಯಾಮೆರಾದ ಹಿಂದಿನ ದನಿ

ಟೆಂಪೋ ಪೂರ್ತಿ ನಿಲ್ಲುವ ಮೊದಲೇ ಮಧುಕರ ನಾಯಕ ಮಂಜಗುಣಿಯಲ್ಲಿ ಇಳಿದ. ವಯಸ್ಸು ಐವತ್ತೆಂಟು, ಮೇಲೆ ಏಪ್ರಿಲ್ ಬಿಸಿಲು. ಎರಡೂ ಅವನ ಗಮನಕ್ಕೆ ಬರಲಿಲ್ಲ. ಬೆಳಿಗ್ಗೆ ಹಬ್ಬುವಾಡದ ಮನೆಯಿಂದ ಹೊರಡುವಾಗ ಹೆಂಡತಿ ಹೀರಾ ಬಾಗಿಲಲ್ಲಿ ನಿಂತು ಏನೋ ಗೊಣಗಿದ್ದಳು. ಅವನು ತಿರುಗಿಯೂ ನೋಡಿರಲಿಲ್ಲ. ದೇವಿದಾಸನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳಬೇಕಿತ್ತು: ಯಾಕೆ ಹೀಗೆ ಮಾಡಿದೆ?

ದಾರಿಯಲ್ಲಿ ಎದುರಾದವರು ನಿಂತು ನೋಡಿದರು. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಎಲ್ಲರಿಗೂ ಗೊತ್ತು. ಇಪ್ಪತ್ತಾರು ವರ್ಷ ಸಿನಿಮಾದಲ್ಲಿ ಇನ್ಸ್‌ಪೆಕ್ಟರ್, ಸಾಹುಕಾರ, ಹೆಣ್ಣಿನ ಅಪ್ಪ. 2003ರಿಂದ ಮೂರು ವರ್ಷ ಧಾರಾವಾಹಿಯೊಂದರಲ್ಲಿ ದಿನಾ ಸಂಜೆ ಮನೆಯ ಯಜಮಾನ. ಕಳೆದ ವಾರ ಆ ಯಜಮಾನನನ್ನು ಕಾಶಿಗೆ ಕಳಿಸಿಬಿಟ್ಟರು. ಧಾರಾವಾಹಿಯಲ್ಲಿ ಕಾಶಿಗೆ ಹೋದವನು ಹದಿನೈದು ದಿನದಲ್ಲಿ ಮರಳದಿದ್ದರೆ ಅಲ್ಲೇ ಸತ್ತ ಎಂದು ತಿಳಿಯಬೇಕು.

ಧಾರಾವಾಹಿಯಲ್ಲಿ ಮಾತು ಬಾಯಿಪಾಠ ಮಾಡುವವರಿಲ್ಲ. ಸಂಭಾಷಣೆಯ ಹಾಳೆ ಬರುವುದೇ ಶೂಟಿಂಗ್ ಶುರುವಾದ ಮೇಲೆ. ಕ್ಯಾಮೆರಾದ ಹಿಂದೆ ಒಬ್ಬ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾನೆ, ನಟ ಅದನ್ನು ಹಿಡಿದು ಆಡುತ್ತಾನೆ. ದನಿಯನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುವುದರಿಂದ ಎಷ್ಟು ಗಟ್ಟಿಯಾಗಿ ಹೇಳಿಕೊಟ್ಟರೂ ನಡೆಯುತ್ತದೆ. ಮಧುಕರನಿಗೆ ಹೇಳಿಕೊಡುತ್ತಿದ್ದವನು ದೇವಿದಾಸ. ಗಂಗಾವಳಿ ಹೊಳೆಯ ಆಚೆ ದಡದ ದೋಣಿಯನ್ನು ಈಚೆಯಿಂದಲೇ ಕರೆಯುವ ಆ ಗಂಟಲನ್ನು ಮೆಚ್ಚಿ ಮಧುಕರನೇ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದ. ಒಡಹುಟ್ಟಿದ ತಮ್ಮನ ಹಾಗೆ ನೋಡಿಕೊಂಡಿದ್ದ.

ಆ ತಮ್ಮ ಎರಡು ತಿಂಗಳಿಂದ ದನಿ ಇಳಿಸುತ್ತ ಬಂದ. ಮೊದಲು ಸಾಲಿನ ಕೊನೆ ಕೇಳಲಿಲ್ಲ. ಆಮೇಲೆ ಸಾಲೇ ಕೇಳಲಿಲ್ಲ. ಒಂದೇ ಟೇಕಿನ ನಟ ಎಂದು ಹೆಸರಾದವನು ಹನ್ನೊಂದು ಟೇಕ್ ತಿಂದ. ಲೈಟ್ ಹಿಡಿದವರೂ ನಕ್ಕರು. ಅದೇ ಮಧುಕರ ಡಬ್ಬಿಂಗ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಅಂದ ಮೇಲೆ ತಪ್ಪು ಯಾರದು? ಅಳಿಯನ ಪಾತ್ರ ಮಾಡುವ ಸತೀಶ ದಿನಾ ದೇವಿದಾಸನ ಹೆಗಲ ಮೇಲೆ ಕೈಹಾಕಿಕೊಂಡು ಚಹಾಕ್ಕೆ ಹೋಗುತ್ತಿದ್ದ. ಈಗ ಯಜಮಾನನ ಕುರ್ಚಿಯಲ್ಲಿ ಕೂತವನೂ ಸತೀಶನೇ. ದೇವಿದಾಸನೋ, ಒಂದು ಮಾತೂ ಹೇಳದೆ ಊರಿಗೆ ಓಡಿಬಂದಿದ್ದ. ಥೂ, ಬೆನ್ನಿಗೆ ಚೂರಿ ಹಾಕಲು ಇವನೇ ಆಗಬೇಕಿತ್ತೇ!

ಪಾತ್ರ ಹೋಗಿ ಬೆಂಗಳೂರಿನಿಂದ ಮನೆಗೆ ಮರಳಿದಾಗಿನಿಂದ ಎಲ್ಲರೂ ಮಧುಕರನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಹೀರಾ, ಪಕ್ಕದ ಮನೆಯವರು, ಅಂಗಡಿಯವನು ಕೂಡ. ಸಾವಾದ ಮನೆಗೆ ಬಂದವರ ಹಾಗೆ. ಅದು ಅವನನ್ನು ಇನ್ನಷ್ಟು ಉರಿಸಿತ್ತು.

ದೇವಿದಾಸ ತನ್ನ ಮನೆಯ ಜಗಲಿಯಲ್ಲಿ ಕೂತಿದ್ದ. ಇಂಥ ಸೆಕೆಯಲ್ಲೂ ಕೊರಳಿಗೆ ಮಫ್ಲರ್. ಮಧುಕರನನ್ನು ಕಂಡವನೇ ಎದ್ದು ನಿಂತ. ಕಣ್ಣು ತುಂಬಿತು.

“ಕಣ್ಣೀರು ಹಾಕೂದು ನನ್ನ ಕಸುಬು, ನಿಂದಲ್ಲ. ಸತೀಶ ಎಂತ ಕೊಡ್ತೇನೆ ಅಂದ ನಿನಗೆ?”

ದೇವಿದಾಸನ ತುಟಿ ಅಲುಗಿತು. ಮಧುಕರನಿಗೆ ಏನೂ ಕೇಳಲಿಲ್ಲ.

“ನೋಡು, ನೋಡು! ಮನೆ ಅಂಗಳದಲ್ಲೂ ಅದೇ ಆಟ! ಈಗಲೇ ಡೈರೆಕ್ಟರಿಗೆ ಫೋನ್ ಮಾಡು ಮಾರಾಯ. ತಪ್ಪು ನಂದು, ಮಧುಕರಣ್ಣಂದಲ್ಲ ಅಂತ ಒಪ್ಕೊ. ಸೋಮವಾರದೊಳಗೆ ನನ್ನನ್ನ ಕಾಶಿಯಿಂದ ಕರೆಸ್ಬೇಕು. ಇಲ್ದಿದ್ರೆ ಈ ಜನ್ಮದಲ್ಲಿ ನನಗೆ ಮತ್ತೊಂದು ಪಾತ್ರ ಇಲ್ಲ. ಗೊತ್ತುಂಟಾ ನಿನಗೆ?”

ದೇವಿದಾಸ ಗೊತ್ತು ಎಂಬಂತೆ ತಲೆಯಾಡಿಸಿದ.

ಒಳಗಿನಿಂದ ಅವನ ಹೆಂಡತಿ ಯೋಗಿತಾ ಬಂದಳು. ದೇವಿದಾಸ ಬೇಡ, ಬೇಡ ಎಂದು ಅವಳಿಗೆ ಕೈಸನ್ನೆ ಮಾಡಿದ. ಅವಳು ಆ ಕೈಯನ್ನು ತಳ್ಳಿ ಮಧುಕರನೆದುರು ನಿಂತಳು. ಜಗಳಕ್ಕೇ ಬಂದಳು ಎಂದುಕೊಂಡ ಅವನು. ಆದರೆ ಅವಳ ದನಿ ಅವನಿಗೆ ತಣ್ಣಗೆ, ಸಮಾಧಾನವಾಗಿ ಕೇಳಿಸಿತು. ಎಷ್ಟೋ ದಿನದ ಮೇಲೆ ಒಬ್ಬರಾದರೂ ಪಿಸುಗುಟ್ಟದೆ ಮಾತಾಡಿದ್ದರು.

“ಇವ್ರ ಗಂಟಲು ಹೋಯ್ತು, ಮಧುಕರಣ್ಣ. ಒಂದು ವರ್ಷ ಕೂಗಿ ಕೂಗಿ ಹೋಯ್ತು. ಇನ್ನು ಮಾತು ಬರೂದು ಕಷ್ಟ ಅಂದ್ರು ಡಾಕ್ಟ್ರು. ಈಗ ದೋಣಿ ಕರೀಲಿಕ್ಕೂ ನಾನೇ ಹೋಗ್ಬೇಕು.”

“ಕೂಗಿದ್ನಾ? ಯಾರಿಗೆ?” ಮಧುಕರ ನಕ್ಕ. “ನನ್ನ ಹತ್ರ ಅವ ಒಂದು ದಿನವೂ ದನಿ ಏರಿಸಿದವನಲ್ಲ.”

“ನಿಮಗೇ. ನಿಮ್ಮ ಕಿವಿಗೆ. ನನ್ನ ಗಂಟಲೇ ದೊಡ್ಡದು ಅಂತ ಇವ್ರು ಸೆಟ್ಟಿನವರಿಗೆಲ್ಲ ಸುಳ್ಳು ಹೇಳ್ತಾ ಬಂದ್ರು. ಸತೀಶನಿಗೆ ಗೊತ್ತಾಗಿತ್ತು. ಇಷ್ಟು ಕೂಗ್ಬೇಡ, ನಿಜ ಹೇಳಿಬಿಡು ಅಂತ ದಿನಾ ಹೊರಗೆ ಕರ್ಕೊಂಡು ಹೋಗಿ ಬುದ್ಧಿ ಹೇಳ್ದ. ಇವ್ರು ಕೇಳ್ಲಿಲ್ಲ. ಕಿವಿ ಮಂದಾಯ್ತು ಅಂತ ಒಮ್ಮೆ ಸುದ್ದಿ ಹೋದ್ರೆ ಅಣ್ಣನ್ನ ಮತ್ತೆ ಯಾರೂ ಕರಿಯೂದಿಲ್ಲ ಅಂದ್ರು. ನಿಮಗೂ ಹೇಳ್ಲಿಲ್ಲ. ನೀವು ಕುಸಿದು ಹೋಗ್ತೀರಿ ಅಂತ.”

ಮಧುಕರನ ಮೈಯೆಲ್ಲ ಉರಿಯಿತು. ಮಾಡಿದ್ದು ದ್ರೋಹ, ಮೇಲಿಂದ ಗಂಡ ಹೆಂಡತಿ ಸೇರಿ ಎಷ್ಟು ಚೆಂದದ ಕಥೆ ಕಟ್ಟಿದ್ದಾರೆ! ಅವನು ಎಷ್ಟೋ ಸಿನಿಮಾಗಳಲ್ಲಿ ಇಂಥ ಕಥೆಗೆ ಅತ್ತು ತೋರಿಸಿದವನು.

“ಕಿವಿಯಾ? ನನ್ನ ಕಿವಿಗೆ ಎಂತಾಗಿದೆ? ನೀನು ಇಷ್ಟು ಮೆಲ್ಲಗೆ ಹೇಳ್ತಾ ಇದ್ದಿ. ನನಗೆ ಒಂದೊಂದಕ್ಷರ ಕೇಳ್ತಾ ಇಲ್ವಾ?”

ಯೋಗಿತಾಳ ಕತ್ತಿನ ನರ ಉಬ್ಬಿತ್ತು, ಏದುಸಿರು ಬಿಡುತ್ತಿದ್ದಳು.

ಅಷ್ಟರಲ್ಲಿ ಆಚೆಮನೆಯ ಸುಕ್ರಿ ಮೀನು ಕೊಯ್ಯುತ್ತಿದ್ದ ಕೈಯನ್ನು ತೊಳೆಯದೆಯೇ ಅಂಗಳಕ್ಕೆ ಓಡಿಬಂದಳು. ಹಿಂದೆ ಇನ್ನೂ ನಾಲ್ಕು ಜನ. ಸುಕ್ರಿ ಯೋಗಿತಾಳ ಭುಜ ಹಿಡಿದು ಅಲುಗಿಸಿದಳು.

“ಎಂತಾಯ್ತೇ ಯೋಗಿತಾ? ಇಡೀ ಕೇರಿಗೆ ಕೇಳೂ ಹಾಗೆ ಎಂತಕ್ಕೆ ಹೀಗೆ ಕಿರಚ್ತಾ ಇದ್ದಿ?”